ಹೊರಡಲು ಮೂರು ವಾರ ಇರುವಾಗ ಕ್ರೂಸ್ ರದ್ದು: ರೀಫಂಡ್ ತಗೊಳ್ಳೋದಾ, ಬೇರೆ ದಿನಾಂಕವಾ?

ಸೌತ್ ಎಂಡ್ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ ಈ ವರ್ಷ 60 ತುಂಬುತ್ತದೆ. ಶಾಂತಿ ಹೋಮ ಮನೆಯಲ್ಲೇ ಮುಗಿಸಿ, ಆಮೇಲೆ ಎಲ್ಲರೂ ಸೇರಿ ಸಿಂಗಾಪುರದಿಂದ ಕ್ರೂಸ್ ಹೋಗುವುದು ಅಂತ ತೀರ್ಮಾನವಾಗಿತ್ತು. ನಾಲ್ಕು ರಾತ್ರಿ. ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ಒಟ್ಟು ಎಂಟು ಜನ: ಅತ್ತೆ, ಮಾವ, ನಾವು ನಾಲ್ವರು, ಮೈಸೂರಿನಿಂದ ನಾದಿನಿ ಮತ್ತು ಅವಳ ಗಂಡ. ನಿನ್ನೆ ರಾತ್ರಿ ಮೇಲ್ ಬಂತು. "ಕಾರ್ಯಾಚರಣೆಯ ಕಾರಣಗಳಿಂದ" ನಿಮ್ಮ ಸೇಲಿಂಗ್ (ಆ ದಿನಾಂಕದ ಹಡಗು ಪ್ರಯಾಣ) ರದ್ದಾಗಿದೆ. ಅಷ್ಟೇ. ಏನು ಕಾರಣ, ಯಾಕೆ, ಒಂದು ಸಾಲೂ ಇಲ್ಲ.

ಕಂಪನಿಯವರು ಎರಡು ದಾರಿ ಕೊಟ್ಟಿದ್ದಾರೆ. ಒಂದು, ಕ್ರೂಸ್ ದುಡ್ಡು ಪೂರ್ತಿ ವಾಪಸ್. ಇನ್ನೊಂದು, ಬೇರೆ ದಿನಾಂಕಕ್ಕೆ ಬದಲಿಸಿಕೊಂಡರೆ ಹಡಗಿನಲ್ಲಿ ಖರ್ಚು ಮಾಡಲು ಒಂದಿಷ್ಟು ಕ್ರೆಡಿಟ್. ಆದರೆ ನಮ್ಮ ಏಜೆಂಟ್ ಹೇಳುವುದೇ ಬೇರೆ. "ರೀಫಂಡ್ ಬರೋಕೆ ಮೂರು ತಿಂಗಳಾಗುತ್ತೆ ಮೇಡಂ, ಅದರ ಬದಲು ನಮ್ಮ ಆಫೀಸಿಂದ ಕ್ರೆಡಿಟ್ ನೋಟ್ ತಗೊಳ್ಳಿ, ಒಂದು ವರ್ಷದೊಳಗೆ ಎಲ್ಲಿಗೆ ಬೇಕಾದರೂ ಹೋಗಿ" ಅಂತಾರೆ.

ವಿಮಾನದ ಟಿಕೆಟ್ ನಾವೇ ಬೇರೆಯಾಗಿ ತೆಗೆದಿದ್ದೇವೆ. ಕಡಿಮೆ ದರದ್ದು, ರದ್ದು ಮಾಡಿದರೆ ಏನೂ ಬರಲ್ಲ. ಸಿಂಗಾಪುರ ವೀಸಾ ಆಗಿದೆ. ಟ್ರಾವೆಲ್ ಇನ್ಶೂರೆನ್ಸ್ ಇದೆ. ಇದರಲ್ಲಿ ಏನೇನು ವಾಪಸ್ ಸಿಗುತ್ತದೆ, ಏನೇನು ಹೋದಂತೆಯೇ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬನಶಂಕರಿ ಬಾಬು
ಕ್ರೆಡಿಟ್ ನೋಟ್ ಮಾತ್ರ ಮುಟ್ಟಬೇಡಿ ಮೇಡಂ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಕಾಫಿ ಬೈಟು
ಬಾಬು ಹೇಳಿದ್ದು ಸರಿ. 2020ರಲ್ಲಿ ಕೋವಿಡ್ ಬಂದಾಗ ನಮಗೂ ಒಬ್ಬ ಏಜೆಂಟ್ ಹೀಗೇ ಕ್ರೆಡಿಟ್ ನೋಟ್ ಕೊಟ್ಟಿದ್ದ. ಯುರೋಪ್ ಟೂರ್ ದುಡ್ಡು. ಎಲ್ಲ ಮುಗಿದು ಜನ ಓಡಾಡಲು ಶುರು ಮಾಡುವಷ್ಟರಲ್ಲಿ ಆ ಆಫೀಸಿನ ಬೋರ್ಡೇ ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ಕವರ್ ಅಂಗಡಿ. ನೋಟ್ ಇನ್ನೂ ಬೀರುವಿನಲ್ಲಿದೆ, ನೀಟಾಗಿ ಲ್ಯಾಮಿನೇಟ್ ಮಾಡಿಸಬೇಕು ಅಂತಿದ್ದೀನಿ.

ಷರತ್ತು ಅನ್ವಯ
ಬೇಜಾರು ಮಾಡ್ಕೋಬೇಡಿ, ಆದರೆ ಬುಕ್ ಮಾಡುವಾಗ ಟಿಕ್ ಹಾಕಿದ ಷರತ್ತುಗಳನ್ನು ಓದಿದ್ದೀರಾ? ಪ್ರಪಂಚದ ಎಲ್ಲ ಕ್ರೂಸ್ ಕಂಪನಿಗಳ ಕರಾರೂ ಹೆಚ್ಚುಕಡಿಮೆ ಒಂದೇ. ಹಡಗು ಯಾವ ಬಂದರನ್ನಾದರೂ ಬಿಡಬಹುದು, ದಾರಿ ಬದಲಿಸಬಹುದು, ಪ್ರಯಾಣವನ್ನೇ ರದ್ದು ಮಾಡಬಹುದು. ರದ್ದು ಮಾಡಿದರೆ ಕೊಟ್ಟ ದುಡ್ಡು ವಾಪಸ್. ಅದನ್ನು ಅವರು ಕೊಡ್ತಿದ್ದಾರಲ್ಲ? ವಿಮಾನ, ಹೋಟೆಲ್ ನಿಮ್ಮ ತಲೆನೋವು. ಕೋಪ ಬರೋದು ಸಹಜ, ಆದರೆ ಮೋಸ ಅಂತ ಕೂಗಾಡುವುದರಲ್ಲಿ ಅರ್ಥ ಇಲ್ಲ.

ಗಾಂಧಿಬಜಾರ್ ಗೌರಿ
ಅವರು ಮೋಸ ಅಂತ ಎಲ್ಲಿ ಹೇಳಿದರು ಸ್ವಾಮಿ? ಏನೇನು ವಾಪಸ್ ಬರುತ್ತೆ ಅಂತ ಕೇಳಿದ್ದಾರೆ ಅಷ್ಟೇ.

ಛತ್ರದವರು ಮದುವೆಗೆ ಮೂರು ವಾರ ಇರುವಾಗ "ಛತ್ರ ಇಲ್ಲ, ತಗೊಳ್ಳಿ ಅಡ್ವಾನ್ಸ್" ಅಂದರೆ ನೀವು ರಸೀದಿ ಹಿಂದಿನ ಷರತ್ತು ಓದಿ ಸುಮ್ಮನಾಗ್ತೀರಾ? ಅಡುಗೆಯವರಿಗೆ, ಓಲಗದವರಿಗೆ ಕೊಟ್ಟಿದ್ದು ಯಾರು ಕೊಡ್ತಾರೆ?

ಷರತ್ತು ಅನ್ವಯ
ಛತ್ರ ಬೇರೆ, ಹಡಗು ಬೇರೆ. ಹಡಗಿಗೆ ಬಂದರು, ಹವಾಮಾನ, ಎಂಜಿನ್, ಯುದ್ಧ ಎಲ್ಲ ಇದೆ. ಕೇಸ್ ಹಾಕ್ತೀನಿ ಅಂದರೂ ಕರಾರಿನ ಪ್ರಕಾರ ಸಿಂಗಾಪುರದ ಕೋರ್ಟಿಗೇ ಹೋಗಬೇಕು.

ಕೆ.ಎಚ್. ರೋಡ್ ವಕೀಲ
ಕೊನೆಯ ಸಾಲು ತಪ್ಪು ಸರ್. ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ಅದರ ಪ್ರಕಾರ ದೂರು ಕೊಡುವವರು ತಾವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಳೇ ಕಾಯ್ದೆಯಲ್ಲಿ ಎದುರು ಪಾರ್ಟಿ ಇರುವ ಕಡೆ ಅಥವಾ ದೂರಿಗೆ ಕಾರಣ ಹುಟ್ಟಿದ ಕಡೆ ಹೋಗಬೇಕಿತ್ತು, ಜನ ಇನ್ನೂ ಅದೇ ಗುಂಗಿನಲ್ಲಿದ್ದಾರೆ. ಬೆಂಗಳೂರಿನವರಿಗೆ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲೇ ಜಿಲ್ಲಾ ಆಯೋಗ ಇದೆ.

ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಜಿಲ್ಲಾ ಆಯೋಗ 50 ಲಕ್ಷದವರೆಗಿನದು ನೋಡುತ್ತದೆ. ವಕೀಲರೇ ಬೇಕು ಅಂತಿಲ್ಲ (ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೊಂಡೇ ಹೇಳ್ತಿದ್ದೀನಿ). ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ಆದರೆ ಮೇಡಂ, ಇದು ಕೊನೆಯ ದಾರಿ. ಮೂರು ತಿಂಗಳಲ್ಲಿ ತೀರ್ಮಾನ ಮಾಡಬೇಕು ಅಂತ ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಮುಗಿಯುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಂದ ಒಂದು ದೂರು ಸಂಖ್ಯೆ ಹೋದರೆ ಎಷ್ಟೋ ಏಜೆಂಟರು ಮೆತ್ತಗಾಗುತ್ತಾರೆ.

ಷರತ್ತು ಅನ್ವಯ
ಸರಿ, ಜಿಲ್ಲೆ ವಿಷಯ ಒಪ್ಪಿದೆ. ಆದರೆ ಹೊರದೇಶದ ಕಂಪನಿ ವಿರುದ್ಧ ಇಲ್ಲಿ ಆದೇಶ ತಗೊಂಡು ವಸೂಲಿ ಹೇಗೆ?

ಕೆ.ಎಚ್. ರೋಡ್ ವಕೀಲ
ಅದಕ್ಕೇ ಇಲ್ಲಿನ ಏಜೆಂಟನ್ನೂ ಎದುರು ಪಾರ್ಟಿ ಮಾಡುವುದು. ದುಡ್ಡು ತಗೊಂಡವನು ಅವನು, ರಸೀದಿ ಅವನದು.

ಡೆಕ್ ಫೈವ್ ಮಂಗ್ಳೂರು
ನಾನು ಕ್ರೂಸ್ ಹಡಗುಗಳಲ್ಲಿ ಸುಮಾರು ವರ್ಷ ಕೆಲಸ ಮಾಡಿದವನು ಮಾರಾಯ್ರೆ. ಮೊದಲು ಹೌಸ್‌ಕೀಪಿಂಗ್, ಆಮೇಲೆ ಗೆಸ್ಟ್ ಸರ್ವೀಸ್. ಈ "ಕಾರ್ಯಾಚರಣೆಯ ಕಾರಣ" ಅಂದರೆ ಏನು ಅಂತ ಸ್ವಲ್ಪ ಹೇಳ್ತೇನೆ.

ತಿಂಗಳುಗಟ್ಟಲೆ ಮುಂಚೆ ರದ್ದಾದರೆ ಬಹುಶಃ ವ್ಯಾಪಾರದ ಕಾರಣ. ಹಡಗನ್ನು ಬೇರೆ ಪ್ರದೇಶಕ್ಕೆ ಕಳಿಸ್ತಾರೆ. ಇಲ್ಲ, ಯಾವುದೋ ದೊಡ್ಡ ಕಂಪನಿ ತನ್ನ ಡೀಲರ್‌ಗಳನ್ನು ಕರೆದುಕೊಂಡು ಹೋಗಲಿಕ್ಕೆ ಇಡೀ ಹಡಗನ್ನೇ ಬಾಡಿಗೆಗೆ ತಗೊಳ್ತದೆ. ಅದಕ್ಕೆ ಚಾರ್ಟರ್ ಅಂತಾರೆ. ಮೊದಲೇ ಬುಕ್ ಮಾಡಿದ ಬಿಡಿ ಪ್ರಯಾಣಿಕರಿಗೆ ನಮಸ್ಕಾರ ಹೇಳಿ ಕಳಿಸ್ತಾರೆ.

ಕೆಲವೇ ವಾರ ಇರುವಾಗ ರದ್ದಾದರೆ ಸಾಮಾನ್ಯವಾಗಿ ಹಡಗಿಗೇ ಏನೋ ಆಗಿದೆ ಅಂತ. ಈಗಿನ ದೊಡ್ಡ ಹಡಗುಗಳಲ್ಲಿ ಹೆಚ್ಚಿನವಕ್ಕೆ ಫ್ಯಾನ್ ತಿರುಗಿಸುವ ಹಳೇ ರೀತಿಯ ಉದ್ದ ಶಾಫ್ಟ್ ಇಲ್ಲ. ತಳದ ಹೊರಗೆ ನೇತಾಡುವ ಪಾಡ್ ಇರ್ತದೆ, ಅದರೊಳಗೇ ಮೋಟರ್, ಅದಕ್ಕೇ ಫ್ಯಾನ್. ಪಾಡ್ ಪೂರ್ತಿ ಸುತ್ತ ತಿರುಗ್ತದೆ, ಹಾಗಾಗಿ ಚುಕ್ಕಾಣಿ ಬೇರೆ ಬೇಡ. ಒಳ್ಳೇ ವ್ಯವಸ್ಥೆಯೇ. ಆದರೆ ಅದರ ಬೇರಿಂಗ್ ಕೈಕೊಟ್ಟರೆ ನೀರಿನಲ್ಲಿ ನಿಂತೇ ರಿಪೇರಿ ಮಾಡುವುದು ಕಷ್ಟ. ಡ್ರೈ ಡಾಕ್‌ಗೆ ಹೋಗಬೇಕು, ಅಂದರೆ ನೀರು ಖಾಲಿ ಮಾಡಿ ಹಡಗನ್ನು ಒಣ ಜಾಗದಲ್ಲಿ ನಿಲ್ಲಿಸುವ ಕಟ್ಟೆ. ಅಷ್ಟು ದೊಡ್ಡ ಹಡಗು ಹಿಡಿಸುವ ಡಾಕ್‌ಗಳು ಪ್ರಪಂಚದಲ್ಲೇ ಕಮ್ಮಿ, ಅಲ್ಲೂ ಎಷ್ಟೋ ಮುಂಚೆ ಬುಕಿಂಗ್ ಆಗಿರ್ತದೆ. ಯಾವಾಗ ಜಾಗ ಸಿಕ್ತದೋ ಆವಾಗ ಓಡಬೇಕು. ಆ ದಿನಾಂಕದಲ್ಲಿದ್ದ ಸೇಲಿಂಗ್‌ಗಳೆಲ್ಲ ಹೋದ ಹಾಗೆ.

ಇನ್ನೊಂದು. ವಿಮಾನದ ಹಾಗೆ "ನಾಳೆ ಹೊರಡ್ತೇವೆ" ಅನ್ನಲಿಕ್ಕೆ ಆಗುವುದಿಲ್ಲ. ಇವತ್ತು ಬೆಳಿಗ್ಗೆ ಇಳಿಯುವವರು ಇಳಿದರೆ ಸಂಜೆಗೆ ಮುಂದಿನವರು ಹತ್ತಬೇಕು. ಒಂದು ಟ್ರಿಪ್ ಎರಡು ದಿನ ತಡವಾದರೆ ಅದರ ಮುಂದಿನದ್ದೆಲ್ಲ ಕೆಡ್ತದೆ. ಹಾಗಾಗಿ ಒಂದನ್ನು ಪೂರ್ತಿ ಕೈಬಿಡ್ತಾರೆ.

ಅವರೇಬೇಳೆ
ಸೂಪರ್ ಮಾಹಿತಿ. ಹಾಗಾದರೆ ಮೇಲ್‌ನಲ್ಲಿ "ಪಾಡ್ ಹಾಳಾಗಿದೆ" ಅಂತ ನೇರವಾಗಿ ಬರೆಯೋಕೆ ಏನು ಕಷ್ಟ?

ಡೆಕ್ ಫೈವ್ ಮಂಗ್ಳೂರು
ಬರೆದರೆ ಮುಂದಿನ ವಾರ ಬುಕ್ ಮಾಡಿದವರೂ ಹೆದರಿ ಓಡ್ತಾರೆ. ಎಷ್ಟೋ ಸಲ ನಮಗೇ ಹೇಳ್ತಿರಲಿಲ್ಲ. ಕೌಂಟರಿನಲ್ಲಿ ನಿಂತು ಪ್ರಯಾಣಿಕರ ಬೈಗುಳ ತಿನ್ನುವವರು ನಾವು, ಕಾರಣ ನಮಗೆ ಪ್ರಯಾಣಿಕರ ಫೋನಿನಿಂದ ಗೊತ್ತಾಗುವುದು.

ಮತ್ತೆ ಸಿಬ್ಬಂದಿ ಕಥೆ ಯಾರೂ ಕೇಳುವುದಿಲ್ಲ. ನಮ್ಮದು ಆರು, ಎಂಟು, ಒಂಬತ್ತು ತಿಂಗಳ ಕಾಂಟ್ರಾಕ್ಟ್. ಹಡಗು ಹತ್ತಿದ ಮೇಲೆಯೇ ಸಂಬಳ. ಹತ್ತುವ ದಿನಾಂಕ ಮುಂದೆ ಹೋದರೆ ಮನೆಯಲ್ಲಿ ಸುಮ್ಮನೆ ಕೂತುಕೊಳ್ಳುವುದು. ನನ್ನ ಜತೆಯವನೊಬ್ಬ ಹೀಗೆ ಕಾದು ಕಾದು ಕೊನೆಗೆ ಸುರತ್ಕಲ್‌ನಲ್ಲಿ ಅಂಗಡಿ ಹಾಕಿದ. ಈಗ ನನಗಿಂತ ಆರಾಮಾಗಿದ್ದಾನೆ, ಅದು ಬೇರೆ ಮಾತು.

ಸಿಲ್ಕ್ ಬೋರ್ಡ್ ಸಂತ
ಬೆಂಗಳೂರಿನವರಿಗೆ ಕ್ರೂಸ್ ಯಾಕೆ ಗುರು? 2022ರ ಸೆಪ್ಟೆಂಬರ್‌ನಲ್ಲಿ ಮಳೆನೀರು ತುಂಬಿ ಯಮಲೂರಿಗೆ ಬೋಟೇ ಬಂದಿತ್ತು. ಫ್ರೀ. ರದ್ದೂ ಆಗಲಿಲ್ಲ.

ಅವರೇಬೇಳೆ
😂😂 ಟ್ರ್ಯಾಕ್ಟರ್ ಕ್ಯಾಬಿನ್ ಬೇಕಾದರೆ ಎಕ್ಸ್‌ಟ್ರಾ.

ಲೆಡ್ಜರ್ ರಾಯರು
ತಮಾಷೆ ಆಮೇಲೆ. ಮೇಡಂ, ದುಡ್ಡು ಹೇಗೆ ಕಟ್ಟಿದ್ರಿ? ಕಾರ್ಡಾ, ಬ್ಯಾಂಕ್ ಟ್ರಾನ್ಸ್‌ಫರಾ? ಬಿಲ್ ಯಾರ ಹೆಸರಿಗಿದೆ?

ಸೌತ್ ಎಂಡ್ ಸೊಸೆ
ಮುಂಗಡ ನನ್ನ ಕ್ರೆಡಿಟ್ ಕಾರ್ಡಿನಿಂದ, ಮಿಕ್ಕಿದ್ದು ನೆಫ್ಟ್ ಮೂಲಕ ಏಜೆಂಟ್ ಖಾತೆಗೆ. ಬಿಲ್ ಮಾವನ ಹೆಸರಿನಲ್ಲಿದೆ, ಅವರ ಪ್ಯಾನ್ ಕೊಟ್ಟಿದ್ದೆವು.

ಲೆಡ್ಜರ್ ರಾಯರು
ಹಾಗಾದರೆ ಒಂದೊಂದಾಗಿ ನೋಡೋಣ.

ರೀಫಂಡ್ ನಿಮ್ಮ ಖಾತೆಗೆ ನೇರವಾಗಿ ಬರಲ್ಲ. ಏಜೆಂಟ್ ಮೂಲಕ ಬುಕ್ ಆಗಿದ್ದರೆ ಕ್ರೂಸ್ ಕಂಪನಿ ಏಜೆಂಟ್ ಖಾತೆಗೆ ಹಾಕುತ್ತದೆ, ಅವನು ನಿಮಗೆ ಕೊಡಬೇಕು. ಮೂರು ತಿಂಗಳು ಅನ್ನುವ ಲೆಕ್ಕ ಹುಟ್ಟುವುದು ಇಲ್ಲೇ. ಕಂಪನಿ ಮೂರು ವಾರಕ್ಕೆ ಕೊಟ್ಟರೂ ನಿಮಗೆ ಗೊತ್ತಾಗಲ್ಲ. ಅದಕ್ಕೆ ಇವತ್ತೇ ಕಂಪನಿಗೆ ಬುಕಿಂಗ್ ಸಂಖ್ಯೆ ಹಾಕಿ ಮೇಲ್ ಮಾಡಿ: "ನಾವು ಪೂರ್ತಿ ರೀಫಂಡ್ ಆರಿಸಿಕೊಂಡಿದ್ದೇವೆ. ಎಷ್ಟು ಹಣ, ಯಾವ ದಿನ, ಯಾರ ಖಾತೆಗೆ ಬಿಡುಗಡೆಯಾಗುತ್ತದೆ ತಿಳಿಸಿ." ಏಜೆಂಟ್‌ಗೂ ಅದೇ ಮೇಲ್‌ನ ಪ್ರತಿ ಹೋಗಲಿ. ಫೋನಿನಲ್ಲಿ ಏನೂ ಒಪ್ಪಬೇಡಿ. "ಸರಿ ನೋಡೋಣ" ಅಂದದ್ದನ್ನೂ ಕ್ರೆಡಿಟ್ ನೋಟ್‌ಗೆ ಒಪ್ಪಿಗೆ ಅಂತ ಬರೆದುಕೊಳ್ಳುವವರಿದ್ದಾರೆ.

ಕಾರ್ಡಿನಲ್ಲಿ ಕೊಟ್ಟ ಭಾಗಕ್ಕೆ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕವೇ ದುಡ್ಡು ವಾಪಸ್ ತರಿಸುವುದು) ಕೇಳಬಹುದು. ಸೇವೆ ಸಿಗಲಿಲ್ಲ ಅನ್ನುವ ಕಾರಣಕ್ಕೆ. ಸಾಮಾನ್ಯವಾಗಿ 120 ದಿನದ ಗಡುವು ಇರುತ್ತದೆ, ಬ್ಯಾಂಕಿನಲ್ಲಿ ಈಗಲೇ ಕೇಳಿ ಇಟ್ಟುಕೊಳ್ಳಿ. ಏಜೆಂಟ್ ಹೇಳಿದ ಮೂರು ತಿಂಗಳು ಕಾದು ಕೂತರೆ ಆ ಗಡುವಿನಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ. ನೆಫ್ಟ್‌ಗೆ ಈ ಸೌಲಭ್ಯ ಇಲ್ಲ.

ಇನ್ನು ಟಿಸಿಎಸ್, ಅಂದರೆ ಮಾರುವವರು ನಿಮ್ಮಿಂದ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ. ವಿದೇಶ ಪ್ಯಾಕೇಜ್ ಅಂತ ಬಿಲ್ ಮಾಡಿದ್ದರೆ ಅದನ್ನು ಹಿಡಿದು ಸರ್ಕಾರಕ್ಕೆ ಕಟ್ಟಿರುತ್ತಾರೆ. ಮಾವನವರ 26ಎಎಸ್ (ಅವರ ಪ್ಯಾನ್ ಮೇಲೆ ಹಿಡಿದ ತೆರಿಗೆಯ ಪಟ್ಟಿ) ತೆಗೆದು ನೋಡಿ. ಅಲ್ಲಿ ಕಾಣಿಸುತ್ತಿದ್ದರೆ ಏಜೆಂಟ್ ಅದನ್ನು ಕೊಡಲ್ಲ, ರಿಟರ್ನ್ ಹಾಕುವಾಗ ನೀವೇ ಪಡೆಯಬೇಕು. ಕಾಣಿಸದಿದ್ದರೆ ಏಜೆಂಟನ್ನೇ ಹಿಡಿದು ಕೇಳಿ.

ಟರ್ಮಿನಲ್ ಟೂ
ವಿಮಾನದ ಟಿಕೆಟ್ ಬಗ್ಗೆ ಒಂದು ತಿದ್ದುಪಡಿ. "ಏನೂ ಬರಲ್ಲ" ಅನ್ನುವುದು ಪೂರ್ತಿ ನಿಜ ಅಲ್ಲ. ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ಮೂಲ ದರ ವಾಪಸ್ ಇಲ್ಲದ ಟಿಕೆಟ್ ಆದರೂ ತೆರಿಗೆ, ಯುಡಿಎಫ್, ಪಿಎಸ್ಎಫ್ ಅನ್ನುವ ವಿಮಾನ ನಿಲ್ದಾಣದ ಶುಲ್ಕ ಇಂಥವನ್ನು ವಾಪಸ್ ಕೊಡಬೇಕು. ಆಫರ್ ದರಕ್ಕೂ ಇದು ಅನ್ವಯ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ವಿದೇಶಿ ಏರ್‌ಲೈನ್ ಆದರೆ ಅವರ ದೇಶದ ನಿಯಮ. ಎಂಟು ಟಿಕೆಟ್ ಅಂದರೆ ಸಣ್ಣ ಮೊತ್ತ ಏನಲ್ಲ. ಸುಮ್ನೆ ಬಿಡಬೇಡಿ.

ಪಾಲಿಸಿ ಪದ್ಮ
ಇನ್ಶೂರೆನ್ಸ್ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ ಮೇಡಂ. ನಾನು ಅದೇ ಕ್ಷೇತ್ರದಲ್ಲಿದ್ದೇನೆ. ಟ್ರಿಪ್ ಕ್ಯಾನ್ಸಲೇಶನ್ ಅಂತ ಪಾಲಿಸಿಯಲ್ಲಿ ಇರುವುದು ಸಾಮಾನ್ಯವಾಗಿ ನಿಮ್ಮ ಕಡೆಯ ಕಾರಣಗಳಿಗೆ. ಕಾಯಿಲೆ, ಮನೆಯಲ್ಲಿ ಸಾವು, ಅಂಥದ್ದು. ಟೂರ್ ನಡೆಸುವವರೇ ಕೈ ಎತ್ತಿದರೆ ಹೆಚ್ಚಿನ ಪಾಲಿಸಿಗಳು ಕೊಡಲ್ಲ. ಆದರೂ ಪಾಲಿಸಿ ಪುಸ್ತಕ ಒಮ್ಮೆ ಓದಿ. ಪ್ರಯಾಣವೇ ಶುರುವಾಗದಿದ್ದರೆ ಪ್ರೀಮಿಯಂ ಸ್ವಲ್ಪ ಕಡಿತ ಮಾಡಿ ವಾಪಸ್ ಕೊಡುವ ಕಂಪನಿಗಳೂ ಇವೆ. ವೀಸಾ ಶುಲ್ಕ ಮಾತ್ರ ಮರೆತುಬಿಡಿ.

ರಾಜಾಜಿನಗರ ರೆಬೆಲ್
ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ನಾವು ಕೊನೆಗಳಿಗೆಯಲ್ಲಿ ರದ್ದು ಮಾಡಿದರೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಮುಳುಗುತ್ತದೆ. ಅವರು ರದ್ದು ಮಾಡಿದರೆ ಒಂದು ಮೇಲ್ ಸಾಕು. ಇದ್ಯಾವ ನ್ಯಾಯ? ಯುರೋಪಿನಲ್ಲಿ, ಬ್ರಿಟನ್ನಿನಲ್ಲಿ ಪ್ಯಾಕೇಜ್ ರದ್ದಾದರೆ 14 ದಿನದೊಳಗೆ ದುಡ್ಡು ವಾಪಸ್ ಕೊಡಬೇಕು ಅಂತ ಕಾನೂನೇ ಇದೆ. ಅಮೆರಿಕದ ಬಂದರಿನಿಂದ ಹೊರಡುವ ಹಡಗುಗಳಿಗೆ 2022ರಿಂದ ನಿಯಮ ಬಂದಿದೆ: ಪ್ರಯಾಣ ರದ್ದಾದರೆ, ಅಥವಾ ಹೊರಡುವುದು ಮೂರು ದಿನ ಇಲ್ಲವೇ ಅದಕ್ಕಿಂತ ತಡವಾದರೆ, ಪ್ರಯಾಣಿಕ ರೀಫಂಡ್ ಕೇಳಬಹುದು. ನಮ್ಮಲ್ಲಿ ವಿಮಾನಕ್ಕೆ ಡಿಜಿಸಿಎ ಇದೆ, ರೈಲಿಗೆ ನಿಯಮ ಇದೆ. ಹಡಗು ಹತ್ತುವವನಿಗೆ ಮಾತ್ರ ಶಾಂತಿನಗರದ ಬಿಎಂಟಿಸಿ ಕಟ್ಟಡ.

ಷರತ್ತು ಅನ್ವಯ
ಇದನ್ನು ಒಪ್ಪುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಕ್ರೂಸ್ ಭಾರತ್ ಮಿಷನ್ ಅಂತ ಶುರು ಮಾಡಿದರು, 2029ರೊಳಗೆ ಪ್ರಯಾಣಿಕರ ಸಂಖ್ಯೆ ದುಪ್ಪಟ್ಟು ಮಾಡುವ ಗುರಿ. ಟರ್ಮಿನಲ್ ಕಟ್ಟುವುದರ ಜತೆಗೆ ರೀಫಂಡ್ ನಿಯಮವನ್ನೂ ಬರೆಯಲಿ. ಆದರೂ ನನ್ನ ಮೊದಲಿನ ಮಾತು ಬಿಡಲ್ಲ. ಕ್ರೂಸ್‌ಗೆ ವಾಪಸ್ ಸಿಗದ ವಿಮಾನದ ಟಿಕೆಟ್ ತೆಗೆಯಲೇಬಾರದು.

ಗಾಂಧಿಬಜಾರ್ ಗೌರಿ
ವಾಪಸ್ ಸಿಗುವ ಟಿಕೆಟ್ ಎಂಟು ಜನಕ್ಕೆ ಎಷ್ಟಾಗುತ್ತೆ ನೋಡಿದ್ದೀರಾ? ಸುಮ್ನೆ ಹೇಳೋದು ಸುಲಭ.

ಹಳೇ ಹಡಗು
ರೀಫಂಡ್ ಕೊಡ್ತೀವಿ ಅಂತ ಕಂಪನಿ ಮೇಲ್ ಹಾಕಿದೆ ಅಂದರೆ ಅದೇ ಪುಣ್ಯ. ಕಂಪನಿಯೇ ಮುಳುಗಿದ ಕಥೆಗಳಿವೆ. ಜಲೇಶ್ ನೆನಪಿದೆಯಾ? 2019ರಲ್ಲಿ ಮುಂಬೈಯಿಂದ ಶುರುವಾದ ನಮ್ಮದೇ ದೇಶದ ಕ್ರೂಸ್. ಕರ್ಣಿಕಾ ಅಂತ ಹಡಗು, 1990ರದ್ದು. ಕೋವಿಡ್ ಹೊಡೆತಕ್ಕೆ 2020ರ ಅಕ್ಟೋಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಹಡಗು ಗುಜರಾತಿನ ಅಲಂಗ್‌ಗೆ ಹೋಗಿ ಗುಜರಿ ಆಯಿತು.

ಇನ್ನೊಂದು ಇದಕ್ಕಿಂತ ಮಜಾ. 2022ರ ಜನವರಿಯಲ್ಲಿ ಕ್ರಿಸ್ಟಲ್ ಸಿಂಫನಿ ಅನ್ನುವ ಐಷಾರಾಮಿ ಹಡಗು ಪ್ರಯಾಣ ಮುಗಿಸಿ ಮಯಾಮಿಗೆ ಬರುತ್ತಿತ್ತು. ಇಂಧನದ ಬಾಕಿ ಕಟ್ಟಿಲ್ಲ ಅಂತ ಅಮೆರಿಕದ ಕೋರ್ಟ್ ಹಡಗನ್ನೇ ಜಪ್ತಿ ಮಾಡಲು ಆದೇಶ ಕೊಟ್ಟಿತು. ಹಡಗು ಮಯಾಮಿಗೆ ಬರಲೇ ಇಲ್ಲ. ಬಹಾಮಾಸ್‌ನ ಬಿಮಿನಿಗೆ ತಿರುಗಿಸಿಕೊಂಡು ಹೋಗಿ ನಿಂತಿತು. ಪ್ರಯಾಣಿಕರನ್ನು ಫೆರಿಯಲ್ಲಿ ತುಂಬಿಸಿ ಫ್ಲಾರಿಡಾಗೆ ಕಳಿಸಿದರು. ಅದರ ಮಾಲೀಕರು ಜೆಂಟಿಂಗ್ ಹಾಂಗ್‌ಕಾಂಗ್. ಸಿಂಗಾಪುರದಿಂದ ಹೊರಡುತ್ತಿದ್ದ ಸ್ಟಾರ್ ಕ್ರೂಸಸ್, ಡ್ರೀಮ್ ಕ್ರೂಸಸ್ ಎಲ್ಲ ಅವರದೇ ಆಗಿತ್ತು.

ವೈಟ್‌ಫೀಲ್ಡ್ ವಲಸಿಗ
ಅದೇ ಜೆಂಟಿಂಗ್ ಅರ್ಧಕ್ಕೆ ಬಿಟ್ಟ ಹಡಗನ್ನೇ ಡಿಸ್ನಿಯವರು 2022ರಲ್ಲಿ ಕೊಂಡಿದ್ದು. ಜರ್ಮನಿಯ ವಿಸ್ಮಾರ್‌ನಲ್ಲಿ ಕಟ್ಟುತ್ತಿದ್ದ ಗ್ಲೋಬಲ್ ಡ್ರೀಮ್. ಅದೇ ಈಗ ಡಿಸ್ನಿ ಅಡ್ವೆಂಚರ್. ಸಿಂಗಾಪುರದಿಂದ 2025ರ ಡಿಸೆಂಬರ್ 15ಕ್ಕೆ ಮೊದಲ ಪ್ರಯಾಣ ಅಂತ ಟಿಕೆಟ್ ಮಾರಿದ್ದರು. ಹಡಗು ಸಿದ್ಧವಾಗುವುದು ತಡವಾಗಿ, ಒಂದು ತಿಂಗಳು ಇರುವಾಗ ಅದನ್ನು 2026ರ ಮಾರ್ಚ್ 10ಕ್ಕೆ ಹಾಕಿದರು. ಕ್ರಿಸ್‌ಮಸ್ ರಜೆ ಸೇಲಿಂಗ್‌ಗಳೆಲ್ಲ ರದ್ದು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಆ ವಾರ ನೀರಿನ ಟ್ಯಾಂಕರ್ ಜಗಳ ಕೂಡ ನಿಂತುಹೋಗಿತ್ತು. ಮಕ್ಕಳಿಗೆ ಮಿಕ್ಕಿ ಮೌಸ್ ಬರಲ್ಲ ಅಂತ ಹೇಳೋದು ಹೇಗೆ ಅಂತಲೇ ಚರ್ಚೆ.

ನೀತಿ ಏನು ಅಂದರೆ, ಹೊಸ ಹಡಗಿನ ಮೊದಲ ತಿಂಗಳ ಸೇಲಿಂಗ್ ಬುಕ್ ಮಾಡುವವರು ಧೈರ್ಯವಂತರು.

ಹಳೇ ಹಡಗು
ಹಳೇ ಹಡಗು ಬುಕ್ ಮಾಡಿದವರ ಪಾಡೂ ಕೇಳಿ. ವಿಲ್ಲಾ ವೀ ಒಡಿಸ್ಸಿ ಅಂತ 1993ರ ಹಡಗು. ವರ್ಷಗಟ್ಟಲೆ ಪ್ರಪಂಚ ಸುತ್ತುವ ಪ್ರಯಾಣ. 2024ರ ಮೇ ಕೊನೆಗೆ ಬೆಲ್‌ಫಾಸ್ಟ್‌ನಿಂದ ಹೊರಡಬೇಕಿತ್ತು. ರಿಪೇರಿ ಮುಗಿಯದೆ ಹೊರಟಿದ್ದು ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಎಷ್ಟೋ ಜನ ಅದೇ ಊರಿನಲ್ಲಿ ಕಾದರು.

ಅದಕ್ಕೂ ಮುಂಚೆ 2023ರಲ್ಲಿ ಲೈಫ್ ಅಟ್ ಸೀ ಅಂತ ಮೂರು ವರ್ಷದ ಕ್ರೂಸ್ ಟಿಕೆಟ್ ಮಾರಿದ್ದರು. ಕಂಪನಿಯ ಕೈಗೆ ಹಡಗೇ ಬರಲಿಲ್ಲ. ಅವರು ಕೊಳ್ಳಬೇಕೆಂದಿದ್ದ ಹಡಗನ್ನು ಬೇರೆಯವರು ಕೊಂಡರು. ನವೆಂಬರ್‌ನಲ್ಲಿ ಪೂರ್ತಿ ರದ್ದು. ಮನೆ ಬಾಡಿಗೆಗೆ ಕೊಟ್ಟು, ಸಾಮಾನು ಮಾರಿ ಬಂದವರೂ ಅದರಲ್ಲಿದ್ದರು.

ಅವರೇಬೇಳೆ
ಮೂರು ವರ್ಷ! ನಮ್ಮನೆಯವರ ಜತೆ ಒಂದೇ ಕ್ಯಾಬಿನ್‌ನಲ್ಲಿ ಮೂರು ವರ್ಷ! ರದ್ದಾಗಿದ್ದೇ ಒಳ್ಳೇದು ಬಿಡಿ.

ಸೌತ್ ಎಂಡ್ ಸೊಸೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾಯರು ಹೇಳಿದ ಹಾಗೆ ಎರಡೂ ಕಡೆ ಮೇಲ್ ಹಾಕಿದೆ. ಕಂಪನಿಯಿಂದ ಮೊತ್ತ ಬರೆದು ಉತ್ತರ ಬಂತು, "ನಿಮ್ಮ ಏಜೆನ್ಸಿಗೆ ಕಳಿಸುತ್ತೇವೆ" ಅಂತ. ಅದನ್ನು ಏಜೆಂಟ್‌ಗೆ ತೋರಿಸಿದ ಮೇಲೆ ಧಾಟಿ ಬದಲಾಯಿತು. ಕ್ರೆಡಿಟ್ ನೋಟ್ ಮಾತೇ ಇಲ್ಲ. "ಕಂಪನಿಯಿಂದ ಬಂದ ಒಂದು ವಾರದೊಳಗೆ ಹಾಕ್ತೀವಿ ಮೇಡಂ, ಆದರೆ ನಮ್ಮ ಸರ್ವೀಸ್ ಚಾರ್ಜ್ ಕಳೆದು" ಅಂತಾರೆ. ಇದು ಸರಿಯಾ?

ಇನ್ನು ಮನೆಯಲ್ಲಿ ಎರಡು ಪಕ್ಷ ಆಗಿದೆ. ಮಾವ, "ಹಡಗಿಲ್ಲದಿದ್ದರೆ ಬೇಡ, ಟಿಕೆಟ್ ಇದೆ, ವೀಸಾ ಇದೆ, ಸಿಂಗಾಪುರ ನೋಡೋಣ" ಅಂತಾರೆ. ಅತ್ತೆ ಆಗಲೇ ಕೋಡುಬಳೆ, ಚಕ್ಕುಲಿ ಡಬ್ಬಿ ತುಂಬಿದ್ದಾರೆ. ಅವರಿಗೆ ಹಡಗೇ ಬೇಕು. ದಿನಾಂಕ ಮುಂದೆ ಹಾಕಿಸಿ ಅಂತ ಹಟ.

ಕೆ.ಎಚ್. ರೋಡ್ ವಕೀಲ
ಸರ್ವೀಸ್ ಚಾರ್ಜ್ ಬಿಲ್‌ನಲ್ಲಿ ಬೇರೆ ಸಾಲಾಗಿ ಬರೆದು, ವಾಪಸ್ ಇಲ್ಲ ಅಂತ ಮೊದಲೇ ತಿಳಿಸಿದ್ದರೆ ನೀವು ವಾದ ಮಾಡಬಹುದು, ಆದರೆ ಗೆಲ್ಲುವುದು ಕಷ್ಟ. ಬಿಲ್‌ನಲ್ಲಿ ಇಲ್ಲದೆ ಈಗ ಹೊಸದಾಗಿ ಕಳೆಯುತ್ತಿದ್ದರೆ ಕೊಡಬೇಡಿ. ಯಾವ ಲೆಕ್ಕ ಅಂತ ಬರವಣಿಗೆಯಲ್ಲಿ ಕೇಳಿ.

ಡೆಕ್ ಫೈವ್ ಮಂಗ್ಳೂರು
ಅತ್ತೆಯವರಿಗೆ ಹೇಳಿ, ಮನೆಯಲ್ಲಿ ಮಾಡಿದ ತಿಂಡಿಯನ್ನು ಹೆಚ್ಚಿನ ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲ. ಗೇಟಿನಲ್ಲೇ ತೆಗೆದಿಡ್ತಾರೆ. ಅಂಗಡಿಯ ಸೀಲ್ ಪ್ಯಾಕೆಟ್ ಆದರೆ ಪರವಾಗಿಲ್ಲ. ನಾನು ನೋಡಿದ ಉಪ್ಪಿನಕಾಯಿ ಬಾಟಲಿಗಳಿಗೆ ಲೆಕ್ಕ ಇಲ್ಲ ಮಾರಾಯ್ರೆ. ಒಬ್ಬ ಅಜ್ಜಿಯಂತೂ ಬಾಟಲಿ ಬಿಟ್ಟು ಹತ್ತುವುದೇ ಇಲ್ಲ ಅಂತ ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗು ಹತ್ತುವ ದಾರಿಯಲ್ಲೇ, ಕೂತುಬಿಟ್ಟಿದ್ದರು.

ಕಾಫಿ ಬೈಟು
ಸಿಂಗಾಪುರ ಪಕ್ಷಕ್ಕೆ ನನ್ನ ಮತ. ಮಲೇಷ್ಯಾಗೆ 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಇಲ್ಲದೆ ಬಿಡುತ್ತಿದ್ದಾರೆ, ಹೋಗುವ ಮುಂಚೆ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಸಿಂಗಾಪುರದಿಂದ ಬಸ್ಸಿನಲ್ಲಿ ಮಲಕ್ಕಾ ಹೋಗಿ ಬನ್ನಿ. ಆದರೆ ನಿಮ್ಮ ಸಿಂಗಾಪುರ ವೀಸಾ ಮಲ್ಟಿಪಲ್ ಎಂಟ್ರಿ (ಹೊರಗೆ ಹೋಗಿ ಮತ್ತೆ ಒಳಗೆ ಬರಬಹುದಾದದ್ದು) ಇದೆಯಾ ಖಚಿತ ಮಾಡಿಕೊಳ್ಳಿ. ಕ್ರೂಸ್‌ಗೆ ಅಂತ ತೆಗೆದಿದ್ದರೆ ಇರಬೇಕು. ಊಟಕ್ಕೆ ಸೆರಂಗೂನ್ ರಸ್ತೆ ಇದ್ದೇ ಇದೆ. ಬಾಳೆಎಲೆ ಊಟ, ದೋಸೆ, ಫಿಲ್ಟರ್ ಕಾಫಿ. ಡಬ್ಬಿಯೂ ಬೇಡ.

ಟರ್ಮಿನಲ್ ಟೂ
ಡಬ್ಬಿ ಬೇಕು ಸರ್. ವಿಮಾನದಲ್ಲಿ ನಾಲ್ಕೂವರೆ ಗಂಟೆ ಏನು ಮಾಡೋದು?

ತಣ್ಣೀರುಬಾವಿ
ಎಲ್ಲರೂ ಹತ್ತುವವರ ಬಗ್ಗೆಯೇ ಮಾತಾಡಿದ್ದೀರಿ. ಇಳಿಯುವ ಊರಿನವರ ಬಗ್ಗೆಯೂ ಹೇಳ್ತೇನೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗು ಬರ್ತವೆ. ಬೆಳಿಗ್ಗೆ ಬಂದು ಸಂಜೆ ಹೋಗುವುದು. ಅಷ್ಟರೊಳಗೆ ಕುದ್ರೋಳಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ, ಗೇರುಬೀಜದ ಕಾರ್ಖಾನೆ. ಒಂದು ಹಡಗು ಬಾರದಿದ್ದರೆ ಟ್ಯಾಕ್ಸಿಯವರಿಗೆ, ಗೈಡ್‌ಗಳಿಗೆ ಆ ದಿನದ ದುಡಿಮೆ ಇಲ್ಲ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ, ಅಂದರೆ 2023ರ ಕೊನೆಯಿಂದ, ಯುರೋಪಿನಿಂದ ಈ ಕಡೆ ಬರುವ ಎಷ್ಟೋ ಕಂಪನಿಗಳು ದಾರಿಯನ್ನೇ ಬದಲಿಸಿದವು. ನಮ್ಮ ಟ್ಯಾಕ್ಸಿಯವರಿಗೆ, ಗೈಡ್‌ಗಳಿಗೆ ರೀಫಂಡ್ ಕೊಡುವವರು ಯಾರೂ ಇಲ್ಲ.

ಸಿಲ್ಕ್ ಬೋರ್ಡ್ ಸಂತ
ಮಂಗಳೂರಿನಿಂದಲೇ ಲಕ್ಷದ್ವೀಪಕ್ಕೆ ಒಂದು ಕ್ರೂಸ್ ಬಿಟ್ಟರೆ ನಾವು ರಾತ್ರಿ ಬಸ್ಸಿನಲ್ಲಿ ಬಂದು ಹತ್ತಬಹುದು. ಶಿರಾಡಿ ಘಾಟಿ ತೆರೆದಿದ್ದರೆ.

ತಣ್ಣೀರುಬಾವಿ
ಹಡಗು ರದ್ದಾಗದಿದ್ದರೆ ಘಾಟಿ ರದ್ದು. ಸರಿಯಾಗಿ ಹೇಳಿದಿರಿ 😄

ಗಾಂಧಿಬಜಾರ್ ಗೌರಿ
ಲಕ್ಷದ್ವೀಪಕ್ಕೆ ನಾವು ಕೊಚ್ಚಿಯಿಂದ ಸರ್ಕಾರಿ ಹಡಗಿನಲ್ಲಿ ಹೋಗಿದ್ದೆವು. ಪರ್ಮಿಟ್ ಬೇಕು, ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ಮಜಾ ಮಾತ್ರ ಇದೆ. ಈಜುಕೊಳ, ಕ್ಯಾಸಿನೊ ಏನೂ ಇಲ್ಲ. ಡೆಕ್ ಮೇಲೆ ಕೂತು ಕಡಲೆಕಾಯಿ ತಿನ್ನೋದು, ನೀರು ನೋಡೋದು. ನಮ್ಮ ಯಜಮಾನರಿಗೆ ವಾಂತಿ.

ರಾಜಾಜಿನಗರ ರೆಬೆಲ್
ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಸೌತ್ ಎಂಡ್ ಅಕ್ಕ, ಕೊನೆಗೆ ಅತ್ತೆ ಗೆದ್ದರಾ, ಮಾವ ಗೆದ್ದರಾ?

ಸೌತ್ ಎಂಡ್ ಸೊಸೆ
ಸಿಂಗಾಪುರ ಅಂತ ಆಯಿತು. ಅತ್ತೆಗೆ ಸಮಾಧಾನ ಆಗಲಿ ಅಂತ ಅಲ್ಲಿ ಸಂಜೆ ಹೊತ್ತಿನ ಬೋಟ್ ಸವಾರಿ ಸೇರಿಸಿದ್ದೇವೆ. "ಅದು ಹಡಗಲ್ಲ" ಅಂತ ಈಗಲೇ ಹೇಳಿಟ್ಟಿದ್ದಾರೆ. ರೀಫಂಡ್ ಪೂರ್ತಿ ಕೇಳಿದ್ದೇನೆ. ಸರ್ವೀಸ್ ಚಾರ್ಜ್ ಬಿಲ್‌ನಲ್ಲಿ ಎಲ್ಲೂ ಇರಲಿಲ್ಲ, ಹಾಗೇ ಬರೆದು ಕಳಿಸಿದೆ. ರಾಯರೇ, ಒಂದು ಡೌಟು. 26ಎಎಸ್ ನೋಡಿದೆವು, ಟಿಸಿಎಸ್ ಕಾಣಿಸುತ್ತಿದೆ. ಆದರೆ ಮಾವನಿಗೆ ಈ ವರ್ಷ ತೆರಿಗೆ ಬರಲ್ಲ, ರಿಟರ್ನ್ ಹಾಕುವುದು ಬೇಡ ಅಂತಿದ್ದರು.

ಲೆಡ್ಜರ್ ರಾಯರು
ಹಾಕಲೇಬೇಕು ಮೇಡಂ. ಅವರ ಪ್ಯಾನ್ ಮೇಲೆ ಹಿಡಿದದ್ದು ಅವರ ರಿಟರ್ನ್‌ನಲ್ಲಿ ಮಾತ್ರ ವಾಪಸ್ ಬರುತ್ತದೆ. ತೆರಿಗೆ ಇಲ್ಲ ಅಂದರೆ ಒಳ್ಳೇದೇ ಆಯಿತು, ಪೂರ್ತಿ ಬರುತ್ತದೆ. ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.